ಡೆಲೋಸ್ ತೋರಿಸುತ್ತೇವೆ ಎನ್ನುವ ವಿಹಾರ ದೋಣಿ ಹತ್ತಬೇಡಿ

ಗ್ರೀಸಿನ ಮಿಕೊನೊಸ್‌ಗೆ ಹೋಗುವವರು ಅಲ್ಲಿಂದ, ಪ್ರಾಚೀನ ಊರೊಂದರ ಅವಶೇಷಗಳಿರುವ ಡೆಲೋಸ್ ದ್ವೀಪವನ್ನು ನೋಡಲೇಬೇಕು. ಆದರೆ ಈಜು, ಊಟ, ಸಂಗೀತ ಎಲ್ಲದರ ಜೊತೆಗೆ ‘ಡೆಲೋಸ್ ದರ್ಶನ’ವನ್ನೂ ಒಂದೇ ಚೀಟಿಯಲ್ಲಿ ಮಾರುವವರಿಗೆ ಮಾತ್ರ ಹಣ ಕೊಡಬೇಡಿ. ಕಳೆದ ಜುಲೈನಲ್ಲಿ ಅಪ್ಪ ಅಮ್ಮನೊಂದಿಗೆ ಹೋಗಿದ್ದ ನಮಗೆ ಒಬ್ಬ ಏಜೆಂಟ್ ಮಾರಿದ್ದು ಅದನ್ನೇ. ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಡೆಲೋಸ್ ಹೆಸರು, ಚಿತ್ರದಲ್ಲಿ ಇದ್ದದ್ದು ಅಲ್ಲಿನ ಅಮೃತಶಿಲೆಯ ಸಿಂಹಗಳು.

ದೋಣಿ ನೇರವಾಗಿ ಹೋಗಿ ನಿಂತದ್ದು ಪಕ್ಕದ ರಿನಿಯಾ ದ್ವೀಪದ ಕೊಲ್ಲಿಯಲ್ಲಿ. ಈಜುವವರು ಈಜಿದರು, ಕುಡಿಯುವವರು ಕುಡಿದರು. ಹೊತ್ತು ಮಾತ್ರ ಜಾರುತ್ತಲೇ ಇತ್ತು. ತಮಾಷೆಯೆಂದರೆ, ರಿನಿಯಾಕ್ಕೂ ಡೆಲೋಸ್‌ಗೂ ಇರುವ ನಂಟನ್ನು ಯಾರೂ ಹೇಳಲಿಲ್ಲ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಡೆಲೋಸ್‌ನ ಗೋರಿಗಳನ್ನೆಲ್ಲ ಅಗೆಸಿ ರಿನಿಯಾಕ್ಕೆ ಸಾಗಿಸಿದರು. ಗ್ರೀಕರ ಅಪೊಲೊ ದೇವರ ಜನ್ಮಭೂಮಿಯಾದ ಡೆಲೋಸ್‌ನಲ್ಲಿ ಇನ್ನು ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ವಿಧಿಸಿ, ತುಂಬು ಗರ್ಭಿಣಿಯರನ್ನೂ ಸಾವಿನಂಚಿನಲ್ಲಿದ್ದವರನ್ನೂ ರಿನಿಯಾಕ್ಕೇ ಕಳುಹಿಸತೊಡಗಿದರು.

ಮಧ್ಯಾಹ್ನದ ನಂತರ ಮೆಲ್ಟೆಮಿ ಎಂಬ ಉತ್ತರದ ಗಾಳಿ ಜೋರಾಯಿತು. ಡೆಲೋಸ್ ದಡ ಮುಟ್ಟಿದಾಗ ನಾವಿಕ, ಮುಕ್ಕಾಲು ಗಂಟೆಯಲ್ಲಿ ವಾಪಸು ಬನ್ನಿ ಎಂದ. ಪ್ರವೇಶ ಟಿಕೆಟ್ ನಮ್ಮ ಹಣದಲ್ಲಿ ಸೇರಿರಲಿಲ್ಲ; ಅದನ್ನು ಕೊಳ್ಳಲು ಸಾಲಿನಲ್ಲಿ ನಿಂತಾಗಲೇ ಆ ಸಮಯದ ಒಂದು ಪಾಲು ಕರಗಿತು. ‘ಗೈಡ್’ ಎಂದು ಜೊತೆ ಬಂದವನು ದೋಣಿಯಲ್ಲಿ ಊಟ ಬಡಿಸಿದ ಹುಡುಗ. ಕ್ಲಿಯೋಪಾತ್ರಾಳ ಮನೆಯ ಮುಂದೆ ನಿಂತು, ಈಜಿಪ್ಟಿನ ರಾಣಿ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದಳು ಎಂದು ಘೋಷಿಸಿದ! ಆ ಮನೆ ಅದೇ ಹೆಸರಿನ ಅಥೆನ್ಸಿನ ಗೃಹಿಣಿಯೊಬ್ಬಳದು. ಆಕೆಯ ಮತ್ತು ಗಂಡನ ತಲೆಯಿಲ್ಲದ ಪ್ರತಿಮೆಗಳು ಅಲ್ಲಿ ಸಿಕ್ಕಿವೆ. ಸಿಂಹಗಳಿರುವ ಉತ್ತರ ಭಾಗಕ್ಕೆ ನಡೆಯುವಷ್ಟರಲ್ಲಿ ದೋಣಿಯ ಹಾರ್ನ್ ಕೇಳಿಸಿತು. ಮಂಡಿನೋವಿನ ಅಮ್ಮ ಅರ್ಧ ದಾರಿಯಲ್ಲೇ ಹಿಂತಿರುಗಬೇಕಾಯಿತು.

ಹಣ ವಾಪಸು ಕೇಳಿದರೆ ಏಜೆಂಟನ ಉತ್ತರ: “ದ್ವೀಪದ ಮೇಲೆ ಕಾಲಿಟ್ಟಿರಲ್ಲ, ಇನ್ನೇನು?”

ಹೊಟ್ಟೆ ಉರಿಯುವುದು ಹಣಕ್ಕಲ್ಲ. ಡೆಲೋಸ್ ಒಂದೆರಡು ಕಂಬ ನೋಡಿ ಬರುವ ಜಾಗವಲ್ಲ, ಅದೊಂದು ಇಡೀ ಊರು. ಕ್ರಿ.ಪೂ. 166ರಲ್ಲಿ ರೋಮನ್ನರು ಅದನ್ನು ಸುಂಕವಿಲ್ಲದ ಬಂದರಾಗಿಸಿದ ಮೇಲೆ ಸಿರಿಯಾ, ಈಜಿಪ್ಟ್, ಇಟಲಿಯ ವರ್ತಕರು ಬಂದು ನೆಲೆಸಿದರು, ತಂತಮ್ಮ ದೇವರಿಗೆ ಗುಡಿ ಕಟ್ಟಿದರು. ಕ್ರಿ.ಪೂ. 88ರಲ್ಲಿ ಕಪ್ಪು ಸಮುದ್ರದ ದಂಡೆಯ ಪೊಂಟಸ್ ರಾಜ್ಯದ ರಾಜ ಮಿಥ್ರಿಡೇಟಿಸ್‌ನ ಸೈನ್ಯ, 69ರಲ್ಲಿ ಕಡಲ್ಗಳ್ಳರು ಊರನ್ನು ಹಾಳುಗೆಡವಿದರು. ಅದರ ಮೇಲೆ ದೊಡ್ಡ ಹೊಸ ನಗರ ಏಳಲೇ ಇಲ್ಲ. ಆದ್ದರಿಂದಲೇ ಇಂದಿಗೂ ಓಣಿಗಳಲ್ಲಿ ನಡೆಯಬಹುದು, ಮನೆಗಳ ಅಂಗಳ ಇಣುಕಬಹುದು, ನೆಲದ ಚಿತ್ತಾರಗಳನ್ನು ನೋಡಬಹುದು. ರಂಗಮಂದಿರವಿದೆ, 112 ಮೀಟರ್ ಎತ್ತರದ ಕಿಂಥೋಸ್ ಬೆಟ್ಟವಿದೆ, ಮಲೇರಿಯಾ ಭಯದಿಂದ 1920ರ ದಶಕದಲ್ಲಿ ಬತ್ತಿಸಿದ ಪವಿತ್ರ ಕೆರೆಯ ಗುಂಡಿಯಿದೆ. ಇದಕ್ಕೆಲ್ಲ ಮೂರು ಗಂಟೆಯೂ ಕಡಿಮೆಯೇ.

ಹೋಗುವುದಾದರೆ ಮಿಕೊನೊಸ್ ಪಟ್ಟಣದ ಹಳೆಯ ಬಂದರಿನಿಂದ ಹೊರಡುವ ಸಾಮಾನ್ಯ ದೋಣಿಯನ್ನೇ ಹಿಡಿಯಿರಿ, ಅದೂ ಬೆಳಗಿನ ಮೊದಲನೆಯದನ್ನು. ಅರ್ಧ ಗಂಟೆಯ ಹಾದಿ. ಜುಲೈ, ಆಗಸ್ಟ್‌ನಲ್ಲಿ ಗಾಳಿ ಹೆಚ್ಚಾದರೆ ದೋಣಿಗಳೇ ರದ್ದಾಗುತ್ತವೆ, ಹಾಗಾಗಿ ಡೆಲೋಸ್ ಅನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನೆರಳು ಇಲ್ಲವೇ ಇಲ್ಲ. ಟೋಪಿ, ನೀರು, ಗಟ್ಟಿ ಚಪ್ಪಲಿ ಬೇಕು. ಬಯಲಲ್ಲಿ ಕಾಣುವ ಸಿಂಹಗಳು ಪ್ರತಿಕೃತಿಗಳು, ಮೂಲ ಶಿಲ್ಪಗಳನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿದ್ದಾರೆ. ಅದು ತೆರೆದಿದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿ. ಗ್ರೀಸಿನಲ್ಲಿ ಗೈಡ್‌ಗಳಿಗೆ ಸರ್ಕಾರಿ ಪರವಾನಗಿ ಇರುತ್ತದೆ. ಕಾರ್ಡ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ದ್ವೀಪದಲ್ಲಿ ರಾತ್ರಿ ತಂಗಲು ಅನುಮತಿಯಿಲ್ಲ, ಆದ್ದರಿಂದ ಕೊನೆಯ ದೋಣಿಯ ಸಮಯವನ್ನು ಟಿಕೆಟ್ ಕೊಳ್ಳುವಾಗಲೇ ಬರೆದಿಟ್ಟುಕೊಳ್ಳಿ.