ಬಾಣ ಯಾವ ಹೊತ್ತಿಗೆ ಮೂಡಬೇಕು? ಗಮನ–ನೆನಪಿನ ಪ್ರಯೋಗಕ್ಕೆ ಸೈಕೋಪೈ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತವರ ಕಣ್ಣು ಸಾಲಾಗಿ ಬರುವ ಬಸ್ಸುಗಳ ಹಣೆಯಿಂದ ನಂಬರನ್ನಷ್ಟೇ ಹೆಕ್ಕುತ್ತದೆ. ಈಗಷ್ಟೇ ದಾಟಿಹೋದ ಬಸ್ಸಿನ ಬಣ್ಣ ಯಾವುದು ಎಂದು ಕೇಳಿ ನೋಡಿ, ಹೆಚ್ಚಿನವರು ತಡವರಿಸುತ್ತಾರೆ. ಕಣ್ಣಿಗೆ ಬಿದ್ದದ್ದರಲ್ಲಿ ಯಾವುದು ಮುಂದಿನ ಎರಡು ಸೆಕೆಂಡು ಮನಸ್ಸಿನಲ್ಲಿ ಉಳಿಯುತ್ತದೆ ಎನ್ನುವುದನ್ನು ಗಮನ ತೀರ್ಮಾನಿಸುತ್ತದೆ. ಇದನ್ನು ಮಂಗಳೂರು, ಉಡುಪಿ, ಮಣಿಪಾಲದ ಯಾವುದೇ ಕಾಲೇಜಿನ ಸಾದಾ ಲ್ಯಾಪ್‌ಟಾಪಿನಲ್ಲಿ ಅಳೆಯಲು ಸೈಕೋಪೈ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಪಿಯರ್ಸ್ ಶುರುಮಾಡಿದ್ದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರದವರೂ ಅದರ ‘ಬಿಲ್ಡರ್’ನಲ್ಲಿ ತುಂಡು ತುಂಡಾಗಿ ಪ್ರಯೋಗ ಜೋಡಿಸಬಹುದು.

ಈ ಕ್ಷೇತ್ರದ ಮೂಲ ಮಾದರಿ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ 1997ರಲ್ಲಿ ಪ್ರಕಟಿಸಿದ ಬಣ್ಣದ ಚೌಕಗಳ ಪ್ರಯೋಗ. ಚೌಕಗಳು 100 ಮಿಲಿಸೆಕೆಂಡು ಕಾಣಿಸುತ್ತವೆ, 900 ಮಿಲಿಸೆಕೆಂಡು ಖಾಲಿ, ಮತ್ತೆ ಚೌಕಗಳು. ಬಣ್ಣ ಬದಲಾಯಿತೇ ಇಲ್ಲವೇ ಎಂದು ಒಂದು ಕೀ ಒತ್ತಬೇಕು. ಮೂರು ನಾಲ್ಕು ಚೌಕ ದಾಟಿದೊಡನೆ ತಪ್ಪು ಏರುತ್ತದೆ. ಸೈಕೋಪೈಯಲ್ಲಿ ಇದನ್ನು ಕಟ್ಟಲು ಒಂದು ಮಧ್ಯಾಹ್ನ ಸಾಕು. ಆದರೆ ಸಮಯವನ್ನು ಸೆಕೆಂಡಿನಲ್ಲಿ ಕೊಡಬೇಡಿ, ಫ್ರೇಮಿನಲ್ಲಿ ಕೊಡಿ. ಫ್ರೇಮ್ ಎಂದರೆ ಸ್ಕ್ರೀನ್ ಒಮ್ಮೆ ಬರೆಯುವ ಚಿತ್ರ; ಸೆಕೆಂಡಿಗೆ 60 ಸಲ ಬರೆಯುವ 60 ಹರ್ಟ್ಜ್ ಸ್ಕ್ರೀನಿನಲ್ಲಿ ಒಂದು ಫ್ರೇಮ್ ಅಂದರೆ 16.67 ಮಿಲಿಸೆಕೆಂಡು, ಚೌಕಗಳಿಗೆ 6 ಫ್ರೇಮ್, ಖಾಲಿಗೆ 54. ಇದೇ ಫೈಲನ್ನು 120 ಹರ್ಟ್ಜ್‌ನ ಗೇಮಿಂಗ್ ಲ್ಯಾಪ್‌ಟಾಪಿಗೆ ಹಾಕಿದರೆ ಆ 6 ಫ್ರೇಮ್ 50 ಮಿಲಿಸೆಕೆಂಡಿಗೆ ಇಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಮಳೆಗಾಲದ ಕರೆಂಟಿನದ್ದು ಇನ್ನೊಂದು ಕಾಟ. ಕರೆಂಟು ಹೋಗಿ ಬ್ಯಾಟರಿಗೆ ಬಂದ ಕೂಡಲೇ ಕೆಲವು ಲ್ಯಾಪ್‌ಟಾಪ್‌ಗಳು ಸ್ಕ್ರೀನ್ ಮಂಕಾಗಿಸಿ ರಿಫ್ರೆಶ್ ದರವನ್ನೂ ತಗ್ಗಿಸುತ್ತವೆ. ಆ ಹೊತ್ತಿನ ಟ್ರಯಲ್‌ಗಳನ್ನು (ಪ್ರಯೋಗದ ಒಂದೊಂದು ಸುತ್ತು) ಉಳಿದವುಗಳ ಜೊತೆ ಸೇರಿಸಬಾರದು. ಸ್ಕ್ರೀನಿಗೆ ಹಳದಿ ಛಾಯೆ ಕೊಡುವ ನೈಟ್ ಲೈಟ್ ಆನ್ ಇದ್ದರೆ ನೀಲಿ, ನೇರಳೆ ಹತ್ತಿರ ಹತ್ತಿರ ಬಂದುಬಿಡುತ್ತವೆ. ಮೊದಲೇ ಆಫ್ ಮಾಡಿ.

ಗಮನದ ಪಾತ್ರ ತಿಳಿಯಲು, ಯಾವ ಕಡೆಯ ಚೌಕಗಳನ್ನು ಗಮನಿಸಬೇಕೆಂದು ತೋರಿಸುವ ಒಂದು ಬಾಣ ಸೇರಿಸಬೇಕು. ಕಷ್ಟ ಇರುವುದು ಇಲ್ಲಿಯೇ. ಬಾಣವನ್ನು ಚೌಕಗಳಿಗಿಂತ ಮೊದಲು ತೋರಿಸಿದರೆ ಅದು ಹೇಳಿದ ಕಡೆಯ ಬಣ್ಣಗಳು ಚೆನ್ನಾಗಿ ಉಳಿಯುತ್ತವೆ. ಆದರೆ ಬಾಣಕ್ಕೂ ಚೌಕಗಳಿಗೂ ನಡುವೆ ಸುಮಾರು 200 ಮಿಲಿಸೆಕೆಂಡಿಗಿಂತ ಹೆಚ್ಚು ಬಿಟ್ಟರೆ ಕಣ್ಣೇ ಆ ಕಡೆ ಜಿಗಿದಿರುತ್ತದೆ. ಆಗ ಕೆಲಸ ಮಾಡಿದ್ದು ಗಮನವೋ ನೋಟವೋ ಎಂದು ಹೇಳಲಾಗದು.

ಬಾಣವನ್ನು ಚೌಕಗಳು ಮಾಯವಾದ ಮೇಲೆ ತೋರಿಸುವುದು ಇನ್ನೂ ಸೊಗಸಾದ ದಾರಿ. ನೋಡಲು ಅಲ್ಲಿ ಏನೂ ಉಳಿದಿರುವುದಿಲ್ಲ, ಆದರೂ ಬಾಣ ಹೇಳಿದ ಜಾಗದ ಬಣ್ಣದಲ್ಲಿ ತಪ್ಪು ಕಡಿಮೆಯಾಗುತ್ತದೆ. ಸಂಶೋಧಕರಾದ ಗ್ರಿಫಿನ್ ಮತ್ತು ನೋಬ್ರಿ ಇದನ್ನು 2003ರಲ್ಲಿ ತೋರಿಸಿದರು. ಅಂದರೆ ಒಳಗೆ ಇಟ್ಟುಕೊಂಡದ್ದರ ನಡುವೆಯೂ ಗಮನ ಓಡಾಡುತ್ತದೆ. ಇಲ್ಲಿ ಬಾಣ ಬೇಗ ಬಂದರೆ ಪ್ರಯೋಗವೇ ಬೇರೆಯಾಗುತ್ತದೆ. ಜಾರ್ಜ್ ಸ್ಪರ್ಲಿಂಗ್ 1960ರಲ್ಲಿ 12 ಅಕ್ಷರಗಳನ್ನು 50 ಮಿಲಿಸೆಕೆಂಡು ತೋರಿಸಿದಾಗ ಜನ ನಾಲ್ಕೈದನ್ನಷ್ಟೇ ಹೇಳಿದರು. ಅಕ್ಷರಗಳು ಮಾಯವಾದೊಡನೆ ಒಂದು ಸ್ವರ ನುಡಿಸಿ ಯಾವ ಸಾಲು ಬೇಕೆಂದು ಸೂಚಿಸಿದರೆ ಆ ಸಾಲಿನ ಹೆಚ್ಚಿನ ಅಕ್ಷರಗಳು ಸಿಗುತ್ತಿದ್ದವು. ಆ ಲಾಭ ಸುಮಾರು ಒಂದು ಸೆಕೆಂಡಿನೊಳಗೆ ಕರಗಿತು. ಆದ್ದರಿಂದ ಚೌಕಗಳು ಮಾಯವಾಗಿ 200 ಮಿಲಿಸೆಕೆಂಡಿಗೇ ಬಾಣ ತೋರಿಸಿದರೆ ಸಿಗುವುದು ಕಣ್ಣಿನ ಆ ಮಾಸುವ ಅಚ್ಚು, ಅಲ್ಪಾವಧಿ ನೆನಪಲ್ಲ. ಚೌಕ 6 ಫ್ರೇಮ್, ಖಾಲಿ 60, ಬಾಣ 6, ಖಾಲಿ 30, ಆಮೇಲೆ ಒಂದೇ ಒಂದು ಚೌಕ ತೋರಿಸಿ ಪ್ರಶ್ನೆ: ಈ ಲೆಕ್ಕ ಸರಿಹೋಗುತ್ತದೆ. ಹೋಲಿಕೆಯ ಟ್ರಯಲ್‌ಗಳಲ್ಲಿ ಬಾಣವನ್ನು ತೆಗೆಯಬಾರದು, ಎರಡೂ ಕಡೆ ಮೊನೆಯಿರುವ ಬಾಣವನ್ನು ಅದೇ ಹೊತ್ತಿಗೆ ತೋರಿಸಬೇಕು. ಇಲ್ಲದಿದ್ದರೆ ಬಾಣ ಕೊಟ್ಟ ಸುಳಿವಿನ ಜೊತೆಗೆ ‘ಪ್ರಶ್ನೆ ಬರಲಿದೆ’ ಎಂಬ ಎಚ್ಚರವೂ ಬೆರೆತುಹೋಗುತ್ತದೆ.

ಬಿಲ್ಡರ್‌ನಲ್ಲಿ ಬಣ್ಣಗಳು ಎಕ್ಸೆಲ್ ಹಾಳೆಯಿಂದ ಬರುತ್ತವೆ. ಕಾಲಮ್ಮಿನ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಇರಲಿ, ನಡುವೆ ಜಾಗ ಬೇಡ. ಬಣ್ಣದ ಬಾಕ್ಸಿನಲ್ಲಿ ಆ ಹೆಸರಿನ ಆರಂಭದಲ್ಲಿ ಡಾಲರ್ ಚಿಹ್ನೆ ಹಾಕದಿದ್ದರೆ ಅದನ್ನೇ ಬಣ್ಣದ ಹೆಸರೆಂದು ಓದಿ ಪ್ರೋಗ್ರಾಂ ನಿಂತುಬಿಡುತ್ತದೆ. ಪಕ್ಕದ ಆಯ್ಕೆ ‘ಸೆಟ್ ಎವೆರಿ ರಿಪೀಟ್’ ಆಗಿರಬೇಕು. ಹೊಸಬರು ಎಡವುವುದು ಹೆಚ್ಚಾಗಿ ಈ ಎರಡು ಕಡೆ, ದೋಷದ ಸಂದೇಶವೂ ಅವರಿಗೆ ಅರ್ಥವಾಗುವಂತಿಲ್ಲ. ಇದೊಂದು ನಿಜವಾದ ಕೊರತೆ. ಸೈಕೋಪೈಯ ಮಾನಿಟರ್ ಸೆಂಟರ್ ಎಂಬ ಕಿಟಕಿಯಲ್ಲಿ ಸ್ಕ್ರೀನಿನ ಅಗಲ ಕೇಳುತ್ತದೆ. ಡಬ್ಬದ ಮೇಲಿನ 15.6 ಇಂಚು ಕರ್ಣದ ಅಳತೆ, ಅದನ್ನು ಹಾಕಬಾರದು. ಬೆಳಗುವ ಭಾಗದ ಅಗಲವನ್ನು ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆಯಿರಿ. ಕಣ್ಣಿನಿಂದ ಸ್ಕ್ರೀನಿಗೆ 57 ಸೆಂಟಿಮೀಟರ್ ಇಟ್ಟರೆ ಸ್ಕ್ರೀನಿನ 1 ಸೆಂಟಿಮೀಟರ್ ನೋಟದ ಕೋನದಲ್ಲಿ ಸುಮಾರು 1 ಡಿಗ್ರಿಗೆ ಸಮ, ಲೆಕ್ಕ ಹಗುರ. ಕನ್ನಡ ಸೂಚನೆಗಳನ್ನು ಚಿತ್ರದ ಫೈಲಾಗಿ ಹಾಕುವುದು ಒಳ್ಳೆಯದು, ಒತ್ತಕ್ಷರ ಒಡೆಯುವ ಭಯವಿರುವುದಿಲ್ಲ.

ಭಾಗವಹಿಸುವವರು ಮನಸ್ಸಿನಲ್ಲೇ ‘ಕೆಂಪು, ನೀಲಿ, ಹಸಿರು’ ಎಂದು ಹೆಸರಿಡುತ್ತಾ ಹೋದರೆ ಅದು ಮಾತಿನ ನೆನಪಾಗುತ್ತದೆ. ಟ್ರಯಲ್ ಉದ್ದಕ್ಕೂ ‘ತಕ ತಕ’ ಎಂದು ಮೆಲ್ಲಗೆ ಹೇಳಿಸಿದರೆ ಈ ದಾರಿ ಮುಚ್ಚುತ್ತದೆ.

ಎಷ್ಟು ಚೌಕ ಉಳಿಯಿತು ಎಂಬ ‘ಕೆ’ ಬೆಲೆಯನ್ನು ಸೈಕೋಪೈ ತಾನಾಗಿ ಕೊಡುವುದಿಲ್ಲ. ಬರುವುದು ಪ್ರತಿ ಟ್ರಯಲ್‌ಗೆ ಒಂದು ಸಾಲಿನ ಹಾಳೆ. ಪ್ರಶ್ನೆಗೆ ಒಂದೇ ಚೌಕ ಇದ್ದಾಗ ಸಂಶೋಧಕ ಕೋವನ್ ಅವರ ಸೂತ್ರ: ಬದಲಾವಣೆ ಸರಿಯಾಗಿ ಹಿಡಿದ ಪ್ರಮಾಣದಿಂದ, ಇಲ್ಲದ ಬದಲಾವಣೆ ಕಂಡೆನೆಂದ ಪ್ರಮಾಣವನ್ನು ಕಳೆದು, ಬಂದದ್ದನ್ನು ಚೌಕಗಳ ಸಂಖ್ಯೆಯಿಂದ ಗುಣಿಸಿ. 6 ಚೌಕ, 0.80 ಮತ್ತು 0.20 ಆದರೆ 3.6. ಎಲ್ಲ ಚೌಕಗಳನ್ನೂ ಮತ್ತೆ ತೋರಿಸುವುದಾದರೆ ಪ್ಯಾಶ್ಲರ್ ಸೂತ್ರ ಬೇಕು. ಬದಲಾವಣೆಯ ಟ್ರಯಲ್ 20 ಮಾತ್ರ ಇಟ್ಟರೆ ಒಂದೇ ತಪ್ಪಿಗೆ ಕೆ 0.3 ಜಾರುತ್ತದೆ. ಪ್ರತಿ ಬಗೆಯ ಟ್ರಯಲ್ 60 ಆದರೂ ಇಡಿ, ನಡುವೆ ವಿರಾಮ ಕೊಡಿ.

ಲ್ಯಾಬಿನ ಕಂಪ್ಯೂಟರಿನಲ್ಲೇ ಮಾಡುವ ಪ್ರಯೋಗಕ್ಕೆ ಖರ್ಚಿಲ್ಲ. ಆನ್‌ಲೈನಿನಲ್ಲಿ ನಡೆಸಲು ಅವರದೇ ಪಾವ್ಲೋವಿಯಾ ಸೇವೆಗೆ ಹಣ ಕಟ್ಟಬೇಕು, ಮೇಲಾಗಿ ಪ್ರತಿಯೊಬ್ಬರ ಸ್ಕ್ರೀನೂ ಬೇರೆ. ಬಾಣದ ಪ್ರಯೋಗಕ್ಕೆ ಲ್ಯಾಬೇ ಸರಿ. ಲ್ಯಾಬಿನ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿ ಇರಲಿ, ದತ್ತಾಂಶ ಸೇರಿಸುವ ನಡುವೆ ಅಪ್‌ಡೇಟ್ ಒತ್ತಬೇಡಿ.