ಮಾಡೆಲ್ 100ಕ್ಕೆ ಯಾವ ಸೆಲ್? ಮೂರು ಬಗೆ ಹಾಕಿ ನೋಡಿದೆ

1983ರಲ್ಲಿ ಬಂದ ಟಿಆರ್‌ಎಸ್-80 ಮಾಡೆಲ್ 100 ಅನ್ನುವ ಹಳೆಯ ಲ್ಯಾಪ್‌ಟಾಪ್ ಕಂಪ್ಯೂಟರ್ ನನ್ನ ಹತ್ತಿರ ಇದೆ, ಈಗಲೂ ಕೆಲಸ ಮಾಡುತ್ತದೆ. ಪರದೆಯಲ್ಲಿ ಎಂಟೇ ಸಾಲು, ಸಾಲಿಗೆ 40 ಅಕ್ಷರ. ಆದರೆ ಕೀಬೋರ್ಡ್ ಎಷ್ಟು ಚೆನ್ನಾಗಿದೆ ಅಂದರೆ, ಬರೆಯಲು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಇದಕ್ಕೆ ಬೇಕಾಗಿದ್ದು ನಾಲ್ಕು ಎಎ ಸೆಲ್. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಸೆಲ್.

ಬಳಸಿ ಬಿಸಾಡುವ ಸೆಲ್ ಹಾಕಬೇಕಾ, ಚಾರ್ಜ್ ಮಾಡುವ ಸೆಲ್ ಹಾಕಬೇಕಾ? ಇದನ್ನು ತಿಳಿಯಲು ಅಲ್ಕಲೈನ್, ಹಳೆಯ ನಿಕಲ್-ಕ್ಯಾಡ್ಮಿಯಂ, ನಿಕಲ್-ಮೆಟಲ್ ಹೈಡ್ರೈಡ್ ಮೂರನ್ನೂ ಒಂದಾದ ಮೇಲೆ ಒಂದು ಹಾಕಿ, ದಿನಾ ಸಂಜೆ ಎರಡೆರಡು ಗಂಟೆ ಬರೆದೆ. ಎಷ್ಟು ಹೊತ್ತು ಬರುತ್ತದೆ ಅನ್ನುವುದೇ ಮುಖ್ಯ ಅಂದುಕೊಂಡಿದ್ದೆ. ಸೆಲ್ ಹೇಗೆ ಮುಗಿಯುತ್ತದೆ ಅನ್ನುವುದು ಅದಕ್ಕಿಂತ ಜಾಸ್ತಿ ಮುಖ್ಯ ಅಂತ ಆಮೇಲೆ ಗೊತ್ತಾಯಿತು.

ಮೊದಲು ಅಲ್ಕಲೈನ್. ನನಗೆ ಒಂಬತ್ತು ಸಂಜೆ ಬಂತು, ಅಂದರೆ ಸುಮಾರು 18 ಗಂಟೆ. ಹೊಸ ಸೆಲ್ 1.5 ವೋಲ್ಟ್‌ಗಿಂತ ತುಸು ಮೇಲೆ ಶುರುವಾಗುತ್ತದೆ. ಆಮೇಲೆ ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮಲ್ಟಿಮೀಟರ್ ಹಿಡಿದರೆ ಇನ್ನೆಷ್ಟು ಉಳಿದಿದೆ ಅಂತ ಅಂದಾಜು ಸಿಗುತ್ತದೆ. ಸೆಲ್ ಸೋಲುವ ಹೊತ್ತಿಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆಗ ಇನ್ನೂ ಸುಮಾರು 20 ನಿಮಿಷ ಇರುತ್ತದೆ ಅಂತ ಕೈಪಿಡಿ ಹೇಳುತ್ತದೆ. ನನಗೂ ಹಾಗೇ ಆಯಿತು. ಹಿಡಿದ ಪ್ಯಾರಾ ಮುಗಿಸಿಯೇ ಎದ್ದೆ. ತೆಗೆದ ಸೆಲ್‌ಗಳಲ್ಲಿ ಇನ್ನೂ ಸ್ವಲ್ಪ ಜೀವ ಇತ್ತು, ಗಡಿಯಾರಕ್ಕೆ ಹಾಕಿದೆ.

ನಿಕಲ್-ಕ್ಯಾಡ್ಮಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಹತ್ತಿರ ಇದ್ದದ್ದು 600 ಎಂಎಎಚ್‌ನವು, ಏಳು ಗಂಟೆಗೇ ಕೈಕೊಟ್ಟವು (ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಆ ಕಾಲದಲ್ಲಿ ಚಾರ್ಜ್ ಮಾಡುವ ಎಎ ಸೆಲ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಆಗಿನವರು ಅಲ್ಕಲೈನ್ ಬಿಡದೆ ಇದ್ದದ್ದು ಯಾಕೆ ಅಂತ ಇದನ್ನು ಹಾಕಿ ನೋಡಿದ ಮೇಲೆ ನನಗೆ ಅರ್ಥವಾಯಿತು. ಮೇಲಾಗಿ ಕ್ಯಾಡ್ಮಿಯಂ ವಿಷದ ಲೋಹ. ಈಗ ಹುಡುಕಿಕೊಂಡು ಹೋಗಿ ಕೊಳ್ಳುವಂಥದ್ದು ಏನೂ ಇಲ್ಲ.

ನಿಜವಾದ ಪೈಪೋಟಿ ಇರುವುದು ನಿಕಲ್-ಮೆಟಲ್ ಹೈಡ್ರೈಡ್ ಜೊತೆ. ಇವಕ್ಕೆ 1.2 ವೋಲ್ಟ್ ಮಾತ್ರ, ನಾಲ್ಕು ಸೇರಿದರೂ 4.8, ಆರು ವೋಲ್ಟ್ ಬೇಕಾದ ಯಂತ್ರಕ್ಕೆ ಸಾಲುತ್ತಾ ಅಂತ ಬಹಳ ಜನ ಹೆದರುತ್ತಾರೆ. ನಾನೂ ಹೆದರಿದ್ದೆ. ಆದರೆ ಅಲ್ಕಲೈನ್ ಕೂಡ 1.5ರಲ್ಲೇ ನಿಲ್ಲುವುದಿಲ್ಲ, ಅಲ್ವಾ? ಅರ್ಧ ಖಾಲಿಯಾಗುವಷ್ಟರಲ್ಲಿ ಅದೂ 1.2ರ ಆಸುಪಾಸಿಗೆ ಬಂದಿರುತ್ತದೆ. ಯಂತ್ರದ ಒಳಗೆ ಸೆಲ್‌ನ ವೋಲ್ಟೇಜನ್ನು ಐದಕ್ಕೆ ಹೊಂದಿಸಿಕೊಳ್ಳುವ ಸರ್ಕ್ಯೂಟ್ ಬೇರೆ ಇದೆ. 2000 ಎಂಎಎಚ್‌ನ ನಾಲ್ಕು ಸೆಲ್ ಹಾಕಿದೆ. ಇವೂ ಒಂಬತ್ತು ಸಂಜೆ ಬಂದವು, ಹತ್ತನೆಯ ಸಂಜೆ ಅರ್ಧ ಗಂಟೆ ಬರೆದದ್ದೂ ಆಯಿತು.

ತೊಂದರೆ ಇರುವುದು ಕೊನೆಯಲ್ಲಿ. ಈ ಸೆಲ್ ಬಹುಪಾಲು ಹೊತ್ತು 1.2ರಲ್ಲೇ ಸಮನಾಗಿ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಮೀಟರ್ ಹಿಡಿದರೂ ಅರ್ಧ ಇದೆಯೋ ಕಾಲು ಭಾಗ ಇದೆಯೋ ಹೇಳುವುದು ಕಷ್ಟ. ಕೆಂಪು ದೀಪ ಬಂದು ಎರಡು ಮೂರು ನಿಮಿಷದಲ್ಲಿ ಪರದೆ ಖಾಲಿ. ಒಂದು ವಾಕ್ಯದ ನಡುವೆಯೇ ನಿಂತುಹೋಯಿತು. ಬರೆದದ್ದು ಮಾತ್ರ ಹೋಗಲಿಲ್ಲ. ಈ ಯಂತ್ರದಲ್ಲಿ ಫೈಲುಗಳು ಇರುವುದು ವಿದ್ಯುತ್ ತಪ್ಪಿದರೆ ಅಳಿಸಿಹೋಗುವ ರ‍್ಯಾಮ್‌ನಲ್ಲಿ, ಅದನ್ನು ಕಾಯಲು ಒಳಗೆ ಒಂದು ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೇರೆ ಇರುತ್ತದೆ.

ಆ ಪುಟ್ಟ ಬ್ಯಾಟರಿಯನ್ನು ನಂಬಿ ನಾನೊಮ್ಮೆ ಕೆಟ್ಟೆ. ಅದು ತುಂಬಿಕೊಳ್ಳುವುದು ಎಎ ಸೆಲ್‌ಗಳಿಂದ ಅಥವಾ ಅಡಾಪ್ಟರ್‌ನಿಂದ. 32ಕೆ ಮೆಮೊರಿ ಇದ್ದರೆ ಸುಮಾರು ಎಂಟು ದಿನ ಮಾತ್ರ ತಡೆಯುತ್ತದೆ. ಖಾಲಿಯಾದ ಸೆಲ್ ಇಟ್ಟುಕೊಂಡೇ ಎರಡು ವಾರ ಸುಮ್ನೆ ಬಿಟ್ಟಿದ್ದೆ. ವಾಪಸ್ ಬಂದು ನೋಡಿದರೆ ಹನ್ನೊಂದು ಪುಟದ ಬರಹ ಇಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವತ್ತಿನಿಂದ ಬರೆದದ್ದನ್ನು ಅದೇ ದಿನ ಬೇರೆ ಕಂಪ್ಯೂಟರಿಗೆ ಕಳಿಸುತ್ತೇನೆ. ಕ್ಯಾಲೆಂಡರಿನಲ್ಲಿ ಸೆಲ್ ಹಾಕಿದ ದಿನ ಬರೆದಿಟ್ಟು, ಎಂಟನೆಯ ಸಂಜೆ ಮುಗಿದ ಕೂಡಲೇ ಕೆಂಪು ದೀಪಕ್ಕೆ ಕಾಯದೆ ಬದಲಾಯಿಸುತ್ತೇನೆ. ಇಷ್ಟು ಮಾಡಿದರೆ ಚಾರ್ಜ್ ಮಾಡುವ ಸೆಲ್‌ನ ಮುಖ್ಯ ಕುಂದು ಮುಗಿಯಿತು.

ಅಲ್ಕಲೈನ್‌ಗೆ ಇರುವ ಕುಂದಿಗೆ ಮಾತ್ರ ಇಂಥ ಸುಲಭದ ಉಪಾಯ ಇಲ್ಲ. ಬೀರುವಿನಲ್ಲಿ ಮರೆತ ಯಂತ್ರದಲ್ಲಿ ಅದು ಒಂದು ದಿನ ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಲೋಹವನ್ನು ತಿನ್ನುವಂಥ ಕ್ಷಾರ. ನನ್ನ ಇನ್ನೊಂದು ಮಾಡೆಲ್ 100ರಲ್ಲಿ ಸ್ಪ್ರಿಂಗಿನ ಮೇಲೆಲ್ಲಾ ಬಿಳಿ-ಹಸಿರು ಪುಡಿ ಹತ್ತಿತ್ತು. ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಉಜ್ಜಿ ತೆಗೆದೆ, ಆದರೂ ಒಂದು ಸ್ಪ್ರಿಂಗ್ ಮುರಿದೇ ಹೋಯಿತು. ನಿಕಲ್-ಮೆಟಲ್ ಹೈಡ್ರೈಡ್ ಇಷ್ಟು ಸುಲಭಕ್ಕೆ ಸೋರುವುದಿಲ್ಲ. ನಲವತ್ತು ವರ್ಷದ ಯಂತ್ರಕ್ಕೆ ಬಿಡಿಭಾಗ ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಿರುವವರಿಗೆ ಈ ಒಂದೇ ಕಾರಣ ಸಾಕು.

ನನ್ನ ಆಯ್ಕೆ ನಿಕಲ್-ಮೆಟಲ್ ಹೈಡ್ರೈಡ್. ಅದರಲ್ಲೂ ಸುಮ್ಮನಿಟ್ಟರೆ ಚಾರ್ಜ್ ಬೇಗ ಇಳಿಯದ ಬಗೆಯದ್ದು. 2005ರಲ್ಲಿ ಎನಿಲೂಪ್ ಅನ್ನುವ ಬ್ರ್ಯಾಂಡ್ ಬಂದ ಮೇಲೆ ಇಂಥವು ಎಲ್ಲ ಕಡೆ ಸಿಗುತ್ತಿವೆ. ಅದಕ್ಕೆ ಮುಂಚಿನವು ತಿಂಗಳು ಬಿಟ್ಟು ನೋಡಿದರೆ ಎಷ್ಟೋ ಇಳಿದಿರುತ್ತಿದ್ದವು. ಎಂಟು ಸೆಲ್ ಕೊಂಡು, ನಾಲ್ಕು ಒಳಗೆ, ನಾಲ್ಕು ಚಾರ್ಜ್ ಆಗಿ ಹೊರಗೆ ಇಟ್ಟುಕೊಂಡರೆ ಆಯಿತು.

ಎಎ ಅಳತೆಯಲ್ಲೇ 14500 ಅನ್ನುವ ಲಿಥಿಯಂ ಅಯಾನ್ ಸೆಲ್ ಕೂಡ ಸಿಗುತ್ತದೆ. ಅದನ್ನು ದಯವಿಟ್ಟು ಹಾಕಬೇಡಿ. ಒಂದೊಂದೂ 3.7 ವೋಲ್ಟ್, ನಾಲ್ಕು ಸೇರಿದರೆ 15ರ ಹತ್ತಿರ. ಆರು ವೋಲ್ಟಿನ ಯಂತ್ರ ಸುಟ್ಟುಹೋಗುತ್ತದೆ.

ಎಚ್‌ಪಿ 200ಎಲ್‌ಎಕ್ಸ್ ಅನ್ನುವ ಅಂಗೈಯಗಲದ ಹಳೆಯ ಕಂಪ್ಯೂಟರ್ ಇರುವವರಿಗೂ ಒಂದು ಮಾತು. ಅದಕ್ಕೆ ಎರಡು ಎಎ ಸೆಲ್ ಸಾಕು, ಅಡಾಪ್ಟರ್ ಸಿಕ್ಕಿಸಿದರೆ ಒಳಗೇ ಚಾರ್ಜ್ ಮಾಡುವ ಅನುಕೂಲವೂ ಇದೆ. ಸೆಟಪ್‌ನಲ್ಲಿ ಅದನ್ನು ಆನ್ ಮಾಡಿಟ್ಟು, ಮರೆತು ಅಲ್ಕಲೈನ್ ಹಾಕಿ ಅಡಾಪ್ಟರ್ ಸಿಕ್ಕಿಸಿದರೆ ಸೆಲ್ ಸೋರುವುದು ಅಲ್ಲೇ ಶುರುವಾಗಬಹುದು. ಸೆಲ್ ಬಗೆ ಬದಲಾಯಿಸಿದಾಗಲೆಲ್ಲ ಮೊದಲು ಆ ಸೆಟ್ಟಿಂಗ್ ತೆಗೆದು ನೋಡಿ.