ಫ್ಯೂಸ್ ಸರಿಯಾಗೇ ಇತ್ತು, ವೈರಿಂಗ್ ಸುಟ್ಟುಹೋಗಿತ್ತು

ಬೈಕಿಗೆ ಮೊಬೈಲ್ ಚಾರ್ಜಿಂಗ್ ಸಾಕೆಟ್ ಹಾಕಿಸಿದವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಾಕೆಟ್ ಕೂರಿಸಿ ಕೆಲವೇ ತಿಂಗಳಾಗಿದ್ದ ಬೈಕೊಂದರಲ್ಲಿ ಟ್ಯಾಂಕಿನ ಅಡಿಯಿಂದ ಹೊಗೆ ಎದ್ದಿತು. ಕೀ ಆಫ್ ಮಾಡಿದರೂ ನಿಲ್ಲಲಿಲ್ಲ. ಸೀಟು ತೆಗೆದು ಬ್ಯಾಟರಿಯ ವೈರ್ ಕಿತ್ತ ಮೇಲೆಯೇ ನಿಂತದ್ದು. ಬೈಕ್ ಉಳಿಯಿತು, ಆದರೆ ಸಾಕೆಟ್ ವೈರಿನ ಜೊತೆ ಟೇಪ್ ಸುತ್ತಿಟ್ಟಿದ್ದ ಕಂಪನಿ ವೈರಿಂಗ್ ಉಳಿಯಲಿಲ್ಲ.

ಟ್ಯಾಂಕ್ ಇಳಿಸಿದಾಗ ಕಾರಣ ಕಣ್ಣಿಗೆ ಹೊಡೆಯುವಂತಿತ್ತು. ಕೆಂಪು ವೈರ್ ಟ್ಯಾಂಕಿನ ಮುಂಭಾಗದ ರಬ್ಬರ್ ಬುಷ್‌ಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತ್ತು. ಗಾಡಿ ಅದುರಿದಂತೆಲ್ಲ ಮೇಲಿನ ಪಿವಿಸಿ ಹೊದಿಕೆ ಸವೆದು, ತಾಮ್ರ ಫ್ರೇಮಿಗೆ ತಾಗಿದೆ. ಅಲ್ಲಿಂದ ಬ್ಯಾಟರಿಯವರೆಗೂ ಪಿವಿಸಿ ಕರಗಿ, ಎಳೆಗಳು ಕಪ್ಪಾಗಿ, ಬೆರಳಿನಲ್ಲಿ ಬಗ್ಗಿಸಿದರೆ ಮುರಿಯುವಂತಾಗಿದ್ದವು. ಹಾಗಂತ ಫ್ಯೂಸ್ ಇರಲಿಲ್ಲ ಅಂತಲ್ಲ. 10 ಆಂಪಿಯರ್ ಬ್ಲೇಡ್ ಫ್ಯೂಸ್ ಇತ್ತು. ಹ್ಯಾಂಡಲ್ ಹತ್ತಿರ, ಸಾಕೆಟ್‌ನಿಂದ ನಾಲ್ಕು ಬೆರಳು ಹಿಂದೆ. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಪಟ್ಟಿ ಹೊಸದರಂತೆ ಹೊಳೆಯುತ್ತಿತ್ತು.

ಫ್ಯೂಸ್ ಕಾಪಾಡುವುದು ತನ್ನಿಂದ ಮುಂದಿರುವ ವೈರನ್ನು ಮಾತ್ರ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇಲ್ಲ. ಈ ಬೈಕಿನಲ್ಲಿ ಆ ಕಾವಲಿಲ್ಲದ ವೈರ್ ಒಂದು ಮೀಟರಿಗೂ ಹೆಚ್ಚಿತ್ತು, ಶಾರ್ಟ್ ಆದದ್ದೂ ಅಲ್ಲೇ. ಬೈಕಿನ ಪುಟ್ಟ ಬ್ಯಾಟರಿ ಕೂಡ ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಯಬಲ್ಲದು. ತೆಳು ವೈರ್ ಅಂಥ ಕರೆಂಟಿಗೆ ಹೀಟರ್ ಕಾಯಿಲಿನಂತೆ ಕಾಯುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಆದ್ದರಿಂದ ಫ್ಯೂಸ್ ಹೋಲ್ಡರ್ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಲೇಬೇಕು. ಸಾಕೆಟ್ ಜೊತೆಗೆ ಬರುವ ವೈರಿನಲ್ಲಿ ಹೋಲ್ಡರ್ ತಪ್ಪು ತುದಿಯಲ್ಲಿದ್ದರೆ ಕತ್ತರಿಸಿ ಸರಿಯಾದ ಜಾಗಕ್ಕೆ ತನ್ನಿ. ಇದರಲ್ಲಿ ರಾಜಿ ಬೇಡವೇ ಬೇಡ.

ಎಷ್ಟು ಆಂಪಿಯರ್ ಫ್ಯೂಸ್? 18 ವ್ಯಾಟ್‌ನ ಯುಎಸ್‌ಬಿ ಚಾರ್ಜರ್ 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 1.5 ಆಂಪಿಯರ್, ನಷ್ಟ ಸೇರಿಸಿದರೂ 2 ದಾಟುವುದಿಲ್ಲ. ಅದಕ್ಕೆ 3 ಅಥವಾ 5 ಆಂಪಿಯರ್ ಫ್ಯೂಸ್, 1 ಚದರ ಮಿ.ಮೀ. ವೈರ್ ಧಾರಾಳ. ಸಿಗರೇಟ್ ಲೈಟರ್ ಥರದ ದುಂಡು ಸಾಕೆಟ್‌ಗೆ 10 ಆಂಪಿಯರ್ ಫ್ಯೂಸ್ ಹಾಕುವುದಾದರೆ ವೈರ್ 1.5 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಾರಣ ಹುಡುಕಿ. 5 ತೆಗೆದು 20 ಹಾಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರೇ ಹೋಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಹಾರ್ನ್ ಅಥವಾ ಹೆಡ್‌ಲೈಟ್ ವೈರಿನಿಂದ ನೇರವಾಗಿ ಕರೆಂಟ್ ತೆಗೆಯುವುದು. ಎಷ್ಟೋ ಬೈಕುಗಳಲ್ಲಿ ಹಾರ್ನ್, ಇಂಡಿಕೇಟರ್, ಇಗ್ನಿಷನ್ ಎಲ್ಲಕ್ಕೂ ಒಂದೇ ಫ್ಯೂಸ್. ಸಾಕೆಟ್‌ನೊಳಗೆ ನೀರು ಹೋಗಿ ಶಾರ್ಟ್ ಆದರೆ ಲಾರಿಯನ್ನು ಓವರ್‌ಟೇಕ್ ಮಾಡುವಾಗಲೇ ಇಂಜಿನ್ ಆಫ್ ಆಗಬಹುದು. ಕೆಲವು ಹಳೆಯ ಸಣ್ಣ ಬೈಕುಗಳಲ್ಲಂತೂ ಹೆಡ್‌ಲೈಟಿಗೆ ಹೋಗುವುದು ಬ್ಯಾಟರಿಯ ಡಿಸಿ ಅಲ್ಲ, ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದ ಎಸಿ ಕರೆಂಟ್. ಡಿಸಿ ಚಾರ್ಜರನ್ನು ಅದಕ್ಕೆ ಕೊಟ್ಟರೆ ಹಾಳಾಗುತ್ತದೆ.

ಸರಿಯಾದ ದಾರಿ ನಾಲ್ಕು ಪಿನ್ನಿನ ರಿಲೇ, ಅಂದರೆ ಒಳಗಿನ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್. ಅದರ ಪಿನ್ನುಗಳಿಗೆ 30, 87, 86, 85 ಎಂಬ ನಂಬರ್ ಇರುತ್ತದೆ. ಬ್ಯಾಟರಿ ಪ್ಲಸ್, ಫ್ಯೂಸ್, ಅಲ್ಲಿಂದ ರಿಲೇಯ 30. ಸಾಕೆಟ್‌ನ ಪ್ಲಸ್‌ಗೆ 87. ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ಒಂದು ವೈರನ್ನು ಮಲ್ಟಿಮೀಟರಿನಲ್ಲಿ ಹುಡುಕಿ 86ಕ್ಕೆ, 85 ಬ್ಯಾಟರಿ ಮೈನಸ್‌ಗೆ. ಕೀ ವೈರಿನ ಮೇಲೆ ಬೀಳುವುದು ಕಾಯಿಲಿನ 0.2 ಆಂಪಿಯರಿನಷ್ಟು ಭಾರ ಮಾತ್ರ. ರಿಲೇ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ 85, 86 ಅದಲುಬದಲು ಆಗಬಾರದು. ಸಾಕೆಟ್‌ನ ಮೈನಸ್ಸನ್ನೂ ಬ್ಯಾಟರಿಗೇ ತನ್ನಿ. ಪೇಂಟ್ ಹೊಡೆದ ಹ್ಯಾಂಡಲ್ ಬೋಲ್ಟಿಗೆ ಅರ್ತ್ ಕೊಟ್ಟರೆ ಮೊಬೈಲ್ ಒಮ್ಮೆ ಚಾರ್ಜ್ ಆಗುತ್ತದೆ, ಒಮ್ಮೆ ಇಲ್ಲ.

ರಿಲೇ ಇಲ್ಲದೆ ನೇರವಾಗಿ ಬ್ಯಾಟರಿಗೆ ಕೊಟ್ಟರೆ ವೋಲ್ಟ್ ಮೀಟರ್ ಇರುವ ಸಾಕೆಟ್ ಹಗಲೂ ರಾತ್ರಿ ಕರೆಂಟ್ ಕುಡಿಯುತ್ತದೆ. 20 ಮಿಲಿಆಂಪಿಯರ್ ಅಂದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್. 5 ಆಂಪಿಯರ್-ಅವರ್ ಬ್ಯಾಟರಿ ಹತ್ತು ದಿನದಲ್ಲಿ ಖಾಲಿ, ಸೆಲ್ಫ್ ಸ್ಟಾರ್ಟ್ ಅದಕ್ಕೂ ಮೊದಲೇ ಕೈಕೊಡುತ್ತದೆ.

ಜಾಯಿಂಟ್‌ಗಳ ವಿಷಯ. ಎಳೆ ತಿರುಚಿ ಕಪ್ಪು ಟೇಪ್ ಸುತ್ತಿದರೆ ಇಂಜಿನ್ ಶಾಖಕ್ಕೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಒಂದು ಮಳೆಗಾಲ ಕಳೆದರೆ ತಾಮ್ರಕ್ಕೆ ಹಸಿರು ಕಿಲುಬು. ಬೆಸುಗೆ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗಿ, ಅದುರಿ ಅದುರಿ ಅಲ್ಲೇ ತುಂಡಾಗುತ್ತದೆ. ವೈರಿನ ಅಳತೆಗೆ ತಕ್ಕ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ತಂದು ಕ್ರಿಂಪ್ ಮಾಡಿ, ಅಂದರೆ ಅದನ್ನು ವೈರಿನ ಮೇಲೆ ಇಕ್ಕಳದಿಂದ ಒತ್ತಿ ಬಿಗಿ ಮಾಡಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ. ಕ್ರಿಂಪ್ ಮಾಡಿದ ಮೇಲೆ ಕೈಯಿಂದ ಬಲವಾಗಿ ಎಳೆದು ನೋಡಿ. ಕಿತ್ತು ಬಂದರೆ ಈಗಲೇ ಬಂದದ್ದು ಒಳ್ಳೆಯದು.

ವೈರ್ ಎಳೆಯುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ; ಎರಡೂ ಕಡೆ ವೈರ್ ಬಿಗಿಯಬಾರದು, ಸ್ಟಾಪರಿಗೆ ಸಿಗಬಾರದು. ಟ್ಯಾಂಕ್ ಕೂರುವ ಜಾಗ ಬಿಟ್ಟು ಫ್ರೇಮಿನ ಪಕ್ಕಕ್ಕೆ ಸ್ಲೀವ್ ಸಮೇತ ಕಟ್ಟಿ. ಸಾಕೆಟ್ ಬಾಯಿ ಆಕಾಶ ನೋಡದಿರಲಿ.

ಕೆಲಸ ಶುರು ಮಾಡುವಾಗ ಮೊದಲು ಮೈನಸ್ ಬಿಚ್ಚಿ, ಮುಗಿದ ಮೇಲೆ ಕೊನೆಗೆ ಮೈನಸ್ ಹಾಕಿ. ಮೈನಸ್ ಕೂಡಿಸಿದ್ದಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಅದೇ ಶಾರ್ಟ್.

ಈಗಾಗಲೇ ಸಾಕೆಟ್ ಹಾಕಿಸಿರುವವರು ಇವತ್ತೇ ಸೀಟು ಎತ್ತಿ ನೋಡಿ. ಬ್ಯಾಟರಿ ಪ್ಲಸ್‌ನಿಂದ ಹೊರಟ ಹೊಸ ವೈರನ್ನು ಬೆರಳಿನಲ್ಲಿ ಹಿಡಿದು ಹೋಗಿ. ಒಂದು ಗೇಣಿನೊಳಗೆ ಫ್ಯೂಸ್ ಸಿಗದಿದ್ದರೆ ಅಲ್ಲೇ ಆ ವೈರ್ ಬಿಚ್ಚಿಡಿ, ಸರಿಪಡಿಸುವವರೆಗೆ ಸಾಕೆಟ್ ಬಳಸಬೇಡಿ.